ರಕ್ತ ಒಂದಾದರೆ ಗರ್ಭ ನಿಲ್ಲದೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತಂದುಕೊಳ್ಳುವುದು ಹಳೆಯ ರೂಢಿ. ಹೊಲ, ಮಗ್ಗ ಮನೆತನದಲ್ಲೇ ಉಳಿಯುತ್ತವೆ. ಸೋದರಮಾವನನ್ನು ಕಟ್ಟಿಕೊಂಡ ಹುಡುಗಿಗೆ ಗಂಡನ ಮನೆಯೆಂದರೆ ಅಜ್ಜಿಯ ಮನೆಯೇ. ಆದರೆ ನಾಲ್ಕು ವರ್ಷವಾದರೂ ತೊಟ್ಟಿಲು ತೂಗದಿದ್ದರೆ, ಎರಡು ಸಲ ಗರ್ಭ ಇಳಿದರೆ, "ಒಳಗಿನ ಸಂಬಂಧ, ರಕ್ತ ಒಂದ ಆಗೇತಿ" ಎನ್ನುತ್ತಾರೆ. ಈ ಮಾತಿನಲ್ಲಿ ವಿಜ್ಞಾನದ ಒಂದು ಎಳೆ ಇದೆ. ಜನ ಹೊರಿಸುವಷ್ಟು ಭಾರವನ್ನು ಮಾತ್ರ ಅದು ತಾಳದು.

ನಮ್ಮ ಆರನೆಯ ವರ್ಣತಂತುವಿನಲ್ಲಿ ಎಚ್‌ಎಲ್‌ಎ ಎಂಬ ಜೀನುಗಳ ಗುಂಪಿದೆ. ಕಿಡ್ನಿ ಕಸಿಗೆ ಮುನ್ನ ಹೊಂದಿಕೆ ನೋಡುವುದು ಇವುಗಳದ್ದೇ. ತಾಯಿಯಿಂದ ಒಂದು ಕಂತೆ, ತಂದೆಯಿಂದ ಒಂದು ಕಂತೆ ಬರುವುದರಿಂದ ಹೊಟ್ಟೆಯೊಳಗಿನ ಕೂಸು ತಾಯಿಗೆ ಅರ್ಧ ಪರಕೀಯ. ಕಸಿ ಮಾಡಿದ ಅಂಗವನ್ನು ತಳ್ಳಿಹಾಕುವ ದೇಹ ಕೂಸನ್ನೇಕೆ ತಳ್ಳುವುದಿಲ್ಲ ಎಂದು ಜೀವವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಕೇಳಿದರು. ಮಾಸು ಬೇರೂರುವಾಗ ಗರ್ಭಕೋಶದಲ್ಲಿರುವ ಎನ್‌ಕೆ ಎಂಬ ರೋಗನಿರೋಧಕ ಕೋಶಗಳು ಮಾಸಿನ ಕೋಶಗಳ ಮೇಲಿನ ಎಚ್‌ಎಲ್‌ಎ-ಸಿ ಗುರುತನ್ನು ಓದುತ್ತವೆ, ತಾಯಿಯ ರಕ್ತನಾಳಗಳು ಹಿಗ್ಗಲು ನೆರವಾಗುತ್ತವೆ. ಅಪ್ಪನ ಕಡೆಯ ಗುರುತು ಇಲ್ಲಿ ವೈರಿಯಲ್ಲ. ಗಂಡ-ಹೆಂಡಿರ ಗುರುತು ತೀರಾ ಒಂದೇ ಆದರೆ ಈ ಮಾತುಕತೆ ಸರಿಯಾಗಿ ನಡೆಯಲಿಕ್ಕಿಲ್ಲ ಎಂಬ ಊಹೆ ಹುಟ್ಟಿದ್ದು ಹೀಗೆ.

ಸೋದರಮಾವ ಮತ್ತು ಅಕ್ಕನ ಮಗಳಿಗೆ ಹಿರಿಯರಿಂದ ಒಂದೇ ಕಂತೆ ಬಂದಿರುವ ಸಾಧ್ಯತೆ ಸುಮಾರು ಅರ್ಧ. ಸೋದರತ್ತೆಯ ಮಗಳಾದರೆ ಕಾಲು ಭಾಗ. ತಮ್ಮೊಳಗೇ ಮದುವೆಯಾಗುವ ಅಮೆರಿಕದ ಹಟರೈಟ್ ಎಂಬ ಸಮುದಾಯದಲ್ಲಿ ತಳಿವಿಜ್ಞಾನಿ ಕ್ಯಾರಲ್ ಓಬರ್ ವರ್ಷಗಟ್ಟಲೆ ಅಧ್ಯಯನ ನಡೆಸಿ, ಎಚ್‌ಎಲ್‌ಎ ಹೊಂದಿಕೆಯಾಗುವ ದಂಪತಿಗಳಲ್ಲಿ ಗರ್ಭಪಾತ ಹೆಚ್ಚೆಂದು 1998ರಲ್ಲಿ ತೋರಿಸಿದರು. ಆದರೂ ಅವು ಮನೆ ತುಂಬ ಮಕ್ಕಳಿರುವ ಕುಟುಂಬಗಳೇ. ನಮ್ಮ ನೆರೆಯ ತಮಿಳುನಾಡಿನಲ್ಲಿ ರಾವ್ ಮತ್ತು ಇನ್‌ಬರಾಜ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಕ್ತಸಂಬಂಧದ ಮದುವೆಯಿಂದ ಫಲವಂತಿಕೆ ಗಮನಾರ್ಹವಾಗಿ ಕುಗ್ಗಿದ್ದು ಕಾಣಲಿಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ತಂಡ ವಿಚಾರಿಸಿದಾಗ, ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರದು ಸಂಬಂಧದೊಳಗಿನ ಮದುವೆಯಾಗಿತ್ತು. ಅವರೆಲ್ಲ ಕೂಸು ಹೆತ್ತವರೇ.

ನನಗೆ ಸಂಕಟವಾಗುವುದು ಈ ಎಳೆಯನ್ನು ಹಿಡಿದು ನಡೆಯುವ ಚಿಕಿತ್ಸೆಯ ಬಗ್ಗೆ. ಗಂಡನ ಬಿಳಿ ರಕ್ತಕಣಗಳನ್ನು ಹೆಂಡತಿಗೆ ಚುಚ್ಚುವುದೊಂದಿದೆ. 1999ರಲ್ಲಿ ಓಬರ್ ಅವರೇ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಲಾಭ ಕಾಣಲಿಲ್ಲ, ಚುಚ್ಚಿಸಿಕೊಂಡವರಲ್ಲೇ ಗರ್ಭ ನಷ್ಟ ಹೆಚ್ಚಿತ್ತು. ಸಾಲ ಮಾಡಿ ಇದಕ್ಕೆ ದುಡ್ಡು ಸುರಿಯುವ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲಿ. ಅದಾಗದೆ ಹೆಂಡತಿಯನ್ನಷ್ಟೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ಅನ್ಯಾಯ. ಪದೇ ಪದೇ ಗರ್ಭ ಇಳಿಯುತ್ತಿದ್ದರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ರಕ್ತಪರೀಕ್ಷೆ ಮಾಡಿಸಬೇಕು. ಅದೂ ರೋಗನಿರೋಧಕ ವ್ಯವಸ್ಥೆಯದೇ ತೊಂದರೆ. ಆಸ್ಪಿರಿನ್, ಹೆಪಾರಿನ್ ಎಂಬ ಮದ್ದುಂಟು.

ಒಳಸಂಬಂಧದ ನಿಜವಾದ ಅಪಾಯ ಇರುವುದು ಹುಟ್ಟುವ ಕೂಸಿಗೆ. ಒಂದೇ ದೋಷದ ಜೀನನ್ನು ಇಬ್ಬರೂ ಹೊತ್ತಿದ್ದರೆ, ಸೋಂಕನ್ನು ಎದುರಿಸುವ ಶಕ್ತಿಯೇ ಇಲ್ಲದ ಮಗು ಹುಟ್ಟಬಹುದು. ಮನೆತನದಲ್ಲಿ ಎಳೆಗೂಸುಗಳು ಮೇಲಿಂದ ಮೇಲೆ ನ್ಯುಮೋನಿಯಾ, ಭೇದಿಯಿಂದ ತೀರಿಕೊಂಡಿದ್ದರೆ ಆ ಸಂಗತಿಯನ್ನು ಗರ್ಭಿಣಿಯಾಗುವ ಮುನ್ನವೇ ಡಾಕ್ಟರಿಗೆ ಹೇಳಬೇಕು.