ಹಳೆಯ ಗಾಡಿಯಲ್ಲಿ ವಿದ್ಯುತ್ತು ಕಾಣೆಯಾದಾಗ



ಬೆಳಗಿನ ಜಾವ ವಾಶಿಯ ಸಗಟು ಪೇಟೆಯಿಂದ ತರಕಾರಿ ಹೊತ್ತು ಮುಂಬಯಿಯ ಉಪನಗರಗಳಿಗೆ ಬರುವ ಪಿಕಪ್ ಗಾಡಿಗಳನ್ನು ನೀವು ನೋಡಿರಬಹುದು. ಅವುಗಳಲ್ಲಿ ಹಳೆಯದೊಂದು ದಾರಿಯಲ್ಲಿ ನಿಂತು, ಕೀಲಿ ತಿರುಗಿಸಿದರೂ ಮೌನವಾಗಿದ್ದರೆ ಬಾಡುವುದು ಸೊಪ್ಪು ಮಾತ್ರವಲ್ಲ, ಚಾಲಕನ ಅಂದಿನ ಸಂಪಾದನೆಯೂ ಹೌದು. ಅವಸರದಲ್ಲಿ ಅವನು ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಕೊಳ್ಳುವನು; ದೋಷವಾದರೋ ಅನೇಕ ವೇಳೆ ಸಡಿಲವಾದ ಒಂದು ತಿರುಪಿನಲ್ಲಿರುವುದು. ಆದುದರಿಂದ ಊಹೆಯನ್ನು ಬಿಟ್ಟು, ವಿದ್ಯುತ್ತು ಹರಿಯುವ ದಾರಿಯನ್ನೇ ಹಿಡಿದು ಹುಡುಕುವ ಕ್ರಮವನ್ನು ತಿಳಿಯೋಣ.

ಪ್ರವಾಹವು ಬ್ಯಾಟರಿಯ ಧನಧ್ರುವದಿಂದ ಹೊರಟು, ತಂತಿ, ಫ್ಯೂಸು, ಸ್ವಿಚ್ಚುಗಳನ್ನು ದಾಟಿ ದೀಪವನ್ನು ಸೇರಿ, ಅಲ್ಲಿಂದ ಗಾಡಿಯ ಲೋಹದ ಮೈಯ ಮೂಲಕವೇ ಋಣಧ್ರುವಕ್ಕೆ ಮರಳುವುದು. ಮೈಯನ್ನೂ ಎಂಜಿನ್ನನ್ನೂ ಋಣಧ್ರುವಕ್ಕೆ ಜೋಡಿಸುವ ದಪ್ಪ ಪಟ್ಟಿಗೆ ಅರ್ಥಿಂಗ್ ಪಟ್ಟಿ ಎಂದು ಹೆಸರು. ಹೋಗುವ ದಾರಿಯನ್ನು ಎಲ್ಲರೂ ನೋಡುವರು. ಮರಳುವ ದಾರಿಯನ್ನು ನೋಡುವವರು ವಿರಳ. ಕಡಲ ಉಪ್ಪುಗಾಳಿ ಮತ್ತು ಮಳೆನೀರು ಈ ಜೋಡಣೆಗಳನ್ನು ತುಕ್ಕು ಹಿಡಿಸುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಅಸಂಖ್ಯ ವಾಹನಗಳು ನೀರಿನಲ್ಲಿ ಮುಳುಗಿದವು. ಅಂತಹ ನೀರು ಒಣಗಿದ ಬಳಿಕವೂ ತಂತಿಯ ಸಂದುಗಳಲ್ಲಿ ತುಕ್ಕು ಒಳಗೊಳಗೇ ಬೆಳೆಯುವುದು.

ಮೊದಲು ವೋಲ್ಟ್‌ಮೀಟರಿನಿಂದ ಬ್ಯಾಟರಿಯನ್ನು ಅಳೆಯಬೇಕು. ವಿಶ್ರಾಂತಿಯಲ್ಲಿರುವ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುವುದು. 12ಕ್ಕೂ ಕೆಳಗಿಳಿದರೆ ಅದು ಬಹುಮಟ್ಟಿಗೆ ಬರಿದಾಗಿದೆ. ಎರಡನೆಯದಾಗಿ, ಧ್ರುವಗಳ ಮೇಲೆ ಬಿಳಿ ಅಥವಾ ನೀಲಿ ಹುಡಿ ಕೂತಿದೆಯೇ ಎಂದು ನೋಡಬೇಕು. ಇದ್ದರೆ ಋಣಧ್ರುವದ ತಂತಿಯನ್ನು ಮೊದಲು ಕಳಚಿ, ಅಡಿಗೆ ಸೋಡಾದ ನೀರಿನಿಂದ ತೊಳೆದು, ಅದನ್ನೇ ಕೊನೆಗೆ ಬಿಗಿಯಬೇಕು. ಮೂರನೆಯದಾಗಿ, ಕೀಲಿ ತಿರುಗಿಸುವಾಗ ಋಣಧ್ರುವಕ್ಕೂ ಎಂಜಿನ್ನಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷವು ಮರಳುವ ದಾರಿಯಲ್ಲಿದೆ.

ದೀಪ ಉರಿಯುತ್ತಿದ್ದರೂ ಎಂಜಿನ್ ಏಕೆ ಏಳದು? ಓಮನ ನಿಯಮವನ್ನು ನೆನೆಯಿರಿ. ತುಕ್ಕು ಹಿಡಿದ ಜೋಡಣೆಯ ರೋಧ 0.05 ಓಮ್ ಎನ್ನೋಣ. 5 ಆಂಪಿಯರ್ ಬೇಡುವ ದೀಪಕ್ಕೆ ಅಲ್ಲಿ ನಷ್ಟವಾಗುವುದು ಕಾಲು ವೋಲ್ಟ್ ಮಾತ್ರ. ಸ್ಟಾರ್ಟರ್ ಮೋಟಾರಿಗಾಗಿ 100 ಆಂಪಿಯರ್ ಹರಿಯಹೊರಟರೆ 5 ವೋಲ್ಟ್ ಅಲ್ಲಿಯೇ ಸೋರಿಹೋಗುವುದು. ಉಳಿದ ಬಲ ಎಂಜಿನ್ನನ್ನು ಎಬ್ಬಿಸಲು ಸಾಲದು.

ಎಲ್ಲವೂ ಪೂರ್ಣ ಕತ್ತಲಾದರೆ ಮುಖ್ಯ ಫ್ಯೂಸನ್ನು ಪರೀಕ್ಷಿಸಬೇಕು. ಸುಟ್ಟ ಫ್ಯೂಸಿನ ಬದಲು ದಪ್ಪ ತಂತಿ ಕಟ್ಟುವುದು ಬೆಂಕಿಯನ್ನು ಆಹ್ವಾನಿಸಿದಂತೆ; ಫ್ಯೂಸು ಸುಟ್ಟದ್ದು ಗಾಡಿ ಸುಡದಿರಲೆಂದೇ. ಗಾಡಿ ಚಾಲೂ ಆದ ಮೇಲೆ ಮಾಪಕವು ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ತೋರಿಸಬೇಕು. ಅದು ಏರದಿದ್ದರೆ ಆಲ್ಟರ್ನೇಟರನ್ನೂ ಅದರ ಬೆಲ್ಟನ್ನೂ ನೋಡತಕ್ಕದ್ದು. ಇಲ್ಲದಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಬರಿದಾಗುವುದು.

ಬ್ಯಾಟರಿಯಲ್ಲಿ ಆಮ್ಲವೂ ಉರಿಯುವ ಜಲಜನಕವೂ ಉಂಟು. ಹಿರಿಯರ ಜೊತೆಯಿಲ್ಲದೆ ಅದನ್ನು ಮುಟ್ಟಬೇಡಿರಿ. ಆದರೆ ನಿಮ್ಮ ಮನೆಯಲ್ಲಿ ಗಾಡಿ ನಡೆಸುವವರಿದ್ದರೆ ಈ ಕ್ರಮವನ್ನು ಅವರಿಗೆ ಓದಿ ಹೇಳಿರಿ. ಕಾರಣವನ್ನು ಕಾಣುವ ಮುನ್ನ ಭಾಗವನ್ನು ಬದಲಿಸಬಾರದು. ಬಡವನ ಹಣವನ್ನು ಉಳಿಸುವ ವಿಜ್ಞಾನ ಇದೇ.