ಜಾಮೀನಿನ ಸಹಿ ಮತ್ತು ಬಡ್ಡಿಯ ಲೆಕ್ಕ



ಕಳೆದ ಸರ್ವಸಾಧಾರಣ ಸಭೆಯಲ್ಲಿ ತರುಣ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಮೊಬೈಲ್ ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಸಿಗುತ್ತದೆ. ಸಂಘದಲ್ಲಾದರೆ ಪಹಣಿ ತನ್ನಿ, ಜಾಮೀನುದಾರರನ್ನು ಕರೆತನ್ನಿ ಎಂದು ನಾಲ್ಕು ಸಲ ಓಡಾಡಿಸುತ್ತೀರಿ. ಇದು ಯಾವ ಕಾಲದ ಪದ್ಧತಿ?" ಪ್ರಶ್ನೆ ಸರಿಯಾದದ್ದೇ. ಅಂದು ಸಮಯದ ಅಭಾವದಿಂದ ಉತ್ತರ ಕೊಡಲಾಗಲಿಲ್ಲ. ಆ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇನೆ.

ಈ ಪದ್ಧತಿ 1905ರಷ್ಟು ಹಳೆಯದು. ಅದು ಬೇರೂರಿದ್ದು ನಮ್ಮ ನೆರೆಯಲ್ಲೇ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ, 1997ರಿಂದ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ವರ್ಷ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ದೇಶದ ಸಹಕಾರ ಚರಿತ್ರೆಯಲ್ಲಿ ಅದಕ್ಕೆ ಮೊದಮೊದಲ ಸಂಘಗಳ ಸಾಲಿನಲ್ಲಿ ಸ್ಥಾನವಿದೆ.

ಆಗಿನ ಸ್ಥಿತಿ ಹೇಗಿತ್ತು? ರೈತನಿಗೆ ಸಾಲವೆಂದರೆ ಸಾಹುಕಾರ. ಬಡ್ಡಿಗೆ ಬಡ್ಡಿ ಬೆಳೆದು ಹೊಲ ಕೈಬಿಡುತ್ತಿತ್ತು. ಮುಂಬಯಿ ಪ್ರಾಂತದ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ 1875ರಲ್ಲಿ ರೈತರು ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಪತ್ರ ಸುಟ್ಟರೆ ಹಳೆಯ ಸಾಲ ಹೋದೀತು, ಮುಂದಿನ ಬಿತ್ತನೆಗೆ ಹಣ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಮದ್ರಾಸಿನ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ ಜರ್ಮನಿಯ ರೈಫೈಸೆನ್ ಅವರ ಹಳ್ಳಿ ಸಂಘಗಳನ್ನು ಅಭ್ಯಸಿಸಿ ವರದಿ ಕೊಟ್ಟರು. 1904ರಲ್ಲಿ ಕಾಯ್ದೆ ಬಂದಿತು.

ಆ ಕಾಯ್ದೆಯ ಏರ್ಪಾಡು ಗಮನಿಸತಕ್ಕದ್ದು. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದಿತ್ತು. ಸಾಲ ಸದಸ್ಯರಿಗೆ ಮಾತ್ರ. ಗ್ರಾಮೀಣ ಸಂಘದ ಲಾಭ ಕಾದಿಟ್ಟ ನಿಧಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಮೀಣ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕೊಡದೆ ಹೋಗಿ ಸಂಘ ಮುಳುಗಿದರೆ ಉಳಿದವರ ಆಸ್ತಿಯೂ ಅದಕ್ಕೆ ಬಾಧ್ಯ. ಕೇಳಲು ಭಯಂಕರವಾಗಿ ಕಂಡರೂ ಸಂಘಕ್ಕೆ ಬಲ ಬಂದದ್ದು ಇದರಿಂದಲೇ. ಪಕ್ಕದ ಮನೆಯವನು ಎತ್ತು ಕೊಳ್ಳಲೆಂದು ಪಡೆದ ಸಾಲದಲ್ಲಿ ಎತ್ತನ್ನೇ ಕೊಂಡನೇ, ಇಲ್ಲವೆ ಮದುವೆಗೆ ಚಪ್ಪರ ಹಾಕಿದನೇ ಎಂಬುದನ್ನು ನೋಡುವ ಜರೂರು ಪ್ರತಿಯೊಬ್ಬನಿಗೂ ಇತ್ತು. ಅಡವಿಡಲು ಏನೂ ಇಲ್ಲದ ರೈತನಿಗೂ ನೆರೆಯವರ ಪರಿಚಯವೇ ಬಂಡವಾಳವಾಯಿತು.

ಇಂದು ಸದಸ್ಯನ ಹೊಣೆ ಅವನ ಷೇರಿನ ಮೊತ್ತಕ್ಕೆ ಸೀಮಿತ. ಅಲ್ಪಾವಧಿ ಬೆಳೆಸಾಲದ ಬಡ್ಡಿಯನ್ನು ಸರಕಾರ ಭರಿಸುತ್ತದೆ. ಶೂನ್ಯ ಬಡ್ಡಿಯ ಮಿತಿಯನ್ನು 2023-24ರ ಮುಂಗಡಪತ್ರದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ವಾಯಿದೆ ತಪ್ಪಿದರೆ ಆ ಸೌಲಭ್ಯ ತಪ್ಪಿತು. ಇವೆಲ್ಲ ಒಳ್ಳೆಯವೇ. ಆದರೆ ಒಬ್ಬರ ವ್ಯವಹಾರವನ್ನು ಇನ್ನೊಬ್ಬರು ನೋಡುವ ರೂಢಿ ಇವುಗಳೊಡನೆ ಸಡಿಲವಾಯಿತು. ಹಳೆಯ ತತ್ತ್ವದಲ್ಲಿ ಉಳಿದಿರುವ ತುಣುಕೆಂದರೆ ಜಾಮೀನುದಾರನ ಸಹಿ ಮಾತ್ರ.

ಆ ಸಹಿಯ ತೂಕ ನನಗೆ ಸ್ವಾನುಭವದಿಂದ ಗೊತ್ತು. ಮೂವತ್ತರ ಹರೆಯದಲ್ಲಿ ಪರಿಚಿತರೊಬ್ಬರ ಸಾಲಕ್ಕೆ, ಚಹಾ ಕುಡಿಯುತ್ತಲೇ ಸಹಿ ಹಾಕಿದೆ, ಕಾಗದ ಓದಲಿಲ್ಲ. ಪದವೀಧರನೆಂಬ ಹೆಮ್ಮೆ ಬೇರೆ. ಅವರು ಕಟ್ಟಲಿಲ್ಲ. ನೋಟೀಸು ನನಗೇ ಬಂದಿತು. "ಮೊದಲು ಅವರಿಂದ ವಸೂಲು ಮಾಡಿ" ಎಂದು ವಾದಿಸಿದೆ. ವಾದ ನಿಲ್ಲಲಿಲ್ಲ. 1872ರ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಎರಡು ಕೊಯ್ಲಿನ ಕಾಫಿಯ ಹಣ ಅದಕ್ಕೆ ಹೋಯಿತು. ಆ ಎರಡು ವರ್ಷ ತೋಟಕ್ಕೆ ಗೊಬ್ಬರ ಬೀಳಲಿಲ್ಲ. ಹಣ ತೆತ್ತ ಜಾಮೀನುದಾರ ಅದನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳಬಹುದೆಂದು ಅದೇ ಕಾಯ್ದೆ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆದ್ದರಿಂದ ಇಂದು ನಾನು ಜಾಮೀನುದಾರರನ್ನು ಎದುರಿಗೆ ಕೂರಿಸಿ ಪತ್ರ ಓದಿ ಹೇಳುವುದನ್ನು ಯಾರೂ ಕಿರುಕುಳವೆಂದು ಭಾವಿಸಬಾರದು.

ಇನ್ನು ಫೋನಿನ ಸಾಲ. ಅಲ್ಲಿ ಜಾಮೀನು ಕೇಳುವುದಿಲ್ಲ, ನಿಜ. ಸಾಲ ಕೊಡುವವನಿಗೆ ನಿಮ್ಮ ಪರಿಚಯವೇ ಇಲ್ಲ. ನೂರು ಜನರಲ್ಲಿ ಕೆಲವರು ಕಟ್ಟುವುದಿಲ್ಲವೆಂಬುದು ಅವನಿಗೆ ಗೊತ್ತು. ಆ ನಷ್ಟವನ್ನು ಅವನು ಕಟ್ಟುವವರ ಬಡ್ಡಿಯಲ್ಲಿ ಸೇರಿಸುತ್ತಾನೆ. ಅಂದರೆ ಅಲ್ಲಿಯೂ ನೀವು ಪರರ ಸಾಲಕ್ಕೆ ಜಾಮೀನು ನಿಂತಿರುತ್ತೀರಿ. ಅವರು ಯಾರೆಂದು ನಿಮಗೆ ತಿಳಿದಿರುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಡ್ಡಿ ಹೇಳುವ ರೀತಿಯಲ್ಲೂ ಜಾಣತನವಿದೆ. ಒಂದು ಲೆಕ್ಕ ಮಾಡೋಣ. ಒಂದು ಲಕ್ಷ ರೂಪಾಯಿ ಸಾಲ, ಶೇಕಡ 12 ಬಡ್ಡಿ, 12 ತಿಂಗಳ ಸಮಾನ ಕಂತು. ಇಡೀ ಅಸಲಿನ ಮೇಲೆ ವರ್ಷಪೂರ್ತಿ ಬಡ್ಡಿ ಹಾಕಿದರೆ ಬಡ್ಡಿ 12,000. ಕಂತು ಸುಮಾರು 9,333 ರೂಪಾಯಿ. ಆದರೆ ಮೊದಲ ಕಂತಿನಿಂದಲೇ ಅಸಲು ಕರಗುತ್ತಿರುತ್ತದೆಯಲ್ಲ? ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಕಂತು ಸುಮಾರು 8,885. ಒಟ್ಟು ಬಡ್ಡಿ ಸುಮಾರು 6,600 ಮಾತ್ರ. ಮೊದಲ ರೀತಿಯ ಶೇಕಡ 12 ವಾಸ್ತವದಲ್ಲಿ ಶೇಕಡ 21ಕ್ಕೂ ಹೆಚ್ಚು. ಜೊತೆಗೆ "ಶುಲ್ಕ"ವೆಂದು 3,000 ರೂಪಾಯಿ ಮೊದಲೇ ಮುರಿದುಕೊಂಡರೆ ಅದು ಶೇಕಡ 27ನ್ನು ದಾಟುತ್ತದೆ.

ನಮ್ಮಂಥವರಿಗೆ ಇನ್ನೊಂದು ತೊಡಕಿದೆ. ಮಾಸಿಕ ಕಂತು ಸಂಬಳದಾರನ ಅಳತೆಗೆ ಹೊಲಿದ ಅಂಗಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡೂ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ. ಹಣ ಬರುವುದು ಆಗ. ಆಷಾಢದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಎಂದು ಕೈ ಬರಿದಾಗಿರುವಾಗಲೇ ಕಂತಿನ ತಾರೀಖು ಬರುತ್ತದೆ. ಆಗ ಬೆಳೆಗಾರ ಮಾಡುವುದೇನು? ಮರದಲ್ಲಿರುವ ಫಸಲನ್ನು ಕೇಳಿದ ಬೆಲೆಗೆ ಚೇಣಿ ಕೊಡುತ್ತಾನೆ. ಸಾಲದ ನಿಜವಾದ ಬಡ್ಡಿ ಅಲ್ಲಿದೆ. ಅದು ಯಾವ ಪತ್ರದಲ್ಲೂ ಬರೆದಿರುವುದಿಲ್ಲ.

ಫೋನಿನ ಸಾಲವೆಲ್ಲ ಮೋಸವೆಂದು ನಾನು ಹೇಳುತ್ತಿಲ್ಲ. 2022ರಲ್ಲಿ ರಿಸರ್ವ್ ಬ್ಯಾಂಕು ಇದಕ್ಕೆ ನಿಯಮಗಳನ್ನು ವಿಧಿಸಿತು. ಅನಿವಾರ್ಯವಾಗಿ ಇಂಥ ಸಾಲ ಪಡೆಯುವವರು ಈ ನಾಲ್ಕನ್ನು ಕೇಳಿ ತಿಳಿಯಿರಿ:

1. ಸಾಲ ಕೊಡುವ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಹೆಸರೇನು? ಆಪಿನ ಹೆಸರು ಸಾಲದು.

2. ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ಎಷ್ಟು? ಸಾಲದ ಮುಖ್ಯಾಂಶಗಳ ಪತ್ರದಲ್ಲಿ ಇದನ್ನು ತೋರಿಸಲೇಬೇಕು.

3. ಹಣ ನೇರವಾಗಿ ನಿಮ್ಮ ಬ್ಯಾಂಕು ಖಾತೆಗೆ ಬರುತ್ತದೆಯೇ?

4. ನಿಮ್ಮ ಫೋನಿನಲ್ಲಿರುವ ಹೆಸರುಗಳ ಪಟ್ಟಿ, ಚಿತ್ರಗಳನ್ನು ನೋಡಲು ಅನುಮತಿ ಕೇಳುತ್ತದೆಯೇ? ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂಘದಲ್ಲಿ ಕೆಲಸ ನಿಧಾನ. ಬೇಕಾದ ಕಾಗದಗಳ ಪಟ್ಟಿಯನ್ನು ಒಮ್ಮೆಗೇ ಕೊಡದೆ ಸದಸ್ಯರನ್ನು ಅಲೆಸಿದ್ದೇವೆ. ಇನ್ನು ಮುಂದೆ ಆ ಪಟ್ಟಿಯನ್ನು ಕಚೇರಿಯ ಬಾಗಿಲಲ್ಲೇ ಅಂಟಿಸಲಾಗುವುದು. ಯಾವುದೇ ಸಾಲದ ಪತ್ರವನ್ನು, ಅದು ನಮ್ಮದಾಗಿರಲಿ ಪರರದಾಗಿರಲಿ, ಸಹಿ ಹಾಕುವ ಮೊದಲು ತಂದರೆ ಕುಳಿತು ಲೆಕ್ಕ ಮಾಡಿ ತೋರಿಸುತ್ತೇನೆ. ಸಹಿ ಹಾಕಿದ ಮೇಲೆ ತಂದರೆ ಸಮಾಧಾನ ಹೇಳಬಲ್ಲೆ, ಅಷ್ಟೇ.

ಕಣಗಿನಹಾಳದ ಹಿರಿಯರ ಬಳಿ ಗಣಕಯಂತ್ರವಿರಲಿಲ್ಲ. ಯಾರು ಎಷ್ಟು ಸಾಲ ಪಡೆದರು, ಏಕೆ ಪಡೆದರು ಎಂಬುದು ಮಾತ್ರ ಅವರಿಗೆ ಗೊತ್ತಿರಬೇಕಿತ್ತು. ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ ಬಾಕಿಯ ತಃಖ್ತೆ ಪ್ರತಿ ವರ್ಷವೂ ಅಚ್ಚಾಗುತ್ತದೆ. ಮುಂದಿನ ಸಭೆಗೆ ಅದನ್ನು ಓದಿಕೊಂಡು ಬನ್ನಿ, ಪ್ರಶ್ನೆ ಕೇಳಿ.

— ಕಾರ್ಯದರ್ಶಿ