ಅಂಗಳದ ಹೊಗೆ, ನೆರೆಯವರ ಉಸಿರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಓಣಿಗಳಲ್ಲಿ ಚಳಿಗಾಲದ ಮುಂಜಾನೆ ಅಂಗಳ ಗುಡಿಸಿದ ಕಸಕ್ಕೆ ಪ್ಲಾಸ್ಟಿಕ್ ಸಹಿತ ಬೆಂಕಿಯಿಡುವುದು ಸಾಮಾನ್ಯ ನೋಟ. ಆ ಹೊತ್ತಿನಲ್ಲಿ ನೆಲದ ಬಳಿಯ ಗಾಳಿ ತಂಪಾಗಿ ನಿಶ್ಚಲವಾಗಿರುವುದರಿಂದ ಹೊಗೆಯು ಮೇಲೇರದೆ ಮನೆಮನೆಗೂ ಹೊಗುತ್ತದೆ. ಅದರಲ್ಲಿಯ 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. ಕೂಸುಗಳಿಗೂ ಗರ್ಭಿಣಿಯರಿಗೂ ಉಬ್ಬಸವುಳ್ಳ ಹಿರಿಯರಿಗೂ ಇದು ಹೆಚ್ಚು ಅಪಾಯಕಾರಿ. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ.

ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ದೇಶದಾದ್ಯಂತ ನಿಷೇಧಿಸಿತು. ಸಣ್ಣ ಪ್ರಮಾಣದ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟವರಿಗೆ 25,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು.

ಹಾಗಾದರೆ ಕಸವನ್ನು ಏನು ಮಾಡಬೇಕು? ಎಲೆ, ಕಾಯಿಪಲ್ಯದ ಸಿಪ್ಪೆ, ಸಗಣಿ ತಿಪ್ಪೆಗುಂಡಿಗೆ ಸೇರಲಿ. ತೇವವಾಗಿಟ್ಟು ಮಣ್ಣು ಮುಚ್ಚಿದರೆ ಕೆಲವು ತಿಂಗಳಲ್ಲಿ ಹೊಲಕ್ಕೆ ಗೊಬ್ಬರವಾಗುವುದು. ಪ್ಲಾಸ್ಟಿಕ್ಕನ್ನು ಬೇರ್ಪಡಿಸಿ ಕಸದ ಗಾಡಿಗೆ ಕೊಡಿರಿ.

ದಂಡದ ಅಂಜಿಕೆಗಿಂತ ನೆರೆಯವರ ಉಸಿರಿನ ಕಾಳಜಿ ದೊಡ್ಡದು. ಮುಂಜಾನೆ ಇಷ್ಟಲಿಂಗ ಪೂಜೆಗೆ ಕುಳಿತ ನೆರೆಮನೆಯ ಹಿರಿಯರಿಗೆ ನಿರ್ಮಲ ಗಾಳಿಯನ್ನು ಉಳಿಸಿಕೊಡುವುದೂ ದಾಸೋಹವೇ ಸರಿ.